ತಡವಾಗಿ ಬಂದವರಿಗೆ ಬಾಗಿಲಿಲ್ಲ

ನಮ್ಮ ಥಿಯೇಟರುಗಳಲ್ಲಿ ಟೈಟಲ್ ಕಾರ್ಡು ಮುಗಿಯುವ ತನಕ ಸೀಟು ಹುಡುಕುವವರ ಮೊಬೈಲ್ ಟಾರ್ಚುಗಳದ್ದೇ ಆಟ. ಕಾಲು ತುಳಿಸಿಕೊಂಡಾಗಲೆಲ್ಲ ನನಗೆ ನಿರ್ದೇಶಕ ಹಿಚ್‌ಕಾಕ್ ನೆನಪಾಗುತ್ತಾನೆ. 1960ರಲ್ಲಿ ತನ್ನ ‘ಸೈಕೋ’ ಬಿಡುಗಡೆಯಾದಾಗ ಆ ಮಹಾಶಯ ಚಿತ್ರಮಂದಿರಗಳಿಗೆ ಷರತ್ತು ಹಾಕಿದ್ದ: ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು. ಅಮೆರಿಕದಲ್ಲಿ ಆಗ ಜನ ತಮಗೆ ಪುರುಸೊತ್ತಾದಾಗ ಹೋಗಿ ಕೂತು, ಅರ್ಧದಿಂದ ನೋಡಿ, ಮುಂದಿನ ಆಟದಲ್ಲಿ ಉಳಿದರ್ಧ ನೋಡಿ ಎದ್ದು ಬರುತ್ತಿದ್ದರು. ಮಾಲೀಕರು ಗೊಣಗಿದರು. ಬಾಗಿಲ ಹೊರಗೆ ಕ್ಯೂ ಬೆಳೆದದ್ದೇ ಗೊಣಗಾಟ ನಿಂತಿತು.

ಅದು ಬರೀ ಪ್ರಚಾರದ ಗಿಮಿಕ್ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೋಸ್ಟರಿನಲ್ಲಿದ್ದ ನಾಯಕಿ ಜಾನೆಟ್ ಲೀ ಸುಮಾರು ಮುಕ್ಕಾಲು ಗಂಟೆಗೇ ಸ್ನಾನದ ಮನೆಯಲ್ಲಿ ಕೊಲೆಯಾಗಿಬಿಡುತ್ತಾಳೆ. ತಡವಾಗಿ ಬಂದವನು ನಾಯಕಿ ಈಗ ಬಂದಾಳು, ಆಗ ಬಂದಾಳು ಎಂದು ಕೊನೆಯ ತನಕ ಕಾಯಬೇಕು! 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ಮಾತಾಡುವಾಗ ಹಿಚ್‌ಕಾಕ್ ಮೇಜಿನಡಿಯ ಬಾಂಬಿನ ಉದಾಹರಣೆ ಕೊಟ್ಟ. ಬಾಂಬು ಏಕಾಏಕಿ ಸಿಡಿದರೆ ನೋಡುವವನು ಹದಿನೈದು ಸೆಕೆಂಡು ಬೆಚ್ಚುತ್ತಾನೆ. ಬಾಂಬಿರುವುದು ಅವನಿಗೆ ಗೊತ್ತಿದ್ದು, ಮೇಜಿನ ಸುತ್ತ ಹರಟುವವರಿಗೆ ಗೊತ್ತಿಲ್ಲದಿದ್ದರೆ ಹದಿನೈದು ನಿಮಿಷ ಒದ್ದಾಡುತ್ತಾನೆ. ಯಾರಿಗೆ ಯಾವಾಗ ಎಷ್ಟು ಗೊತ್ತಾಗಬೇಕು ಎಂಬುದೇ ಥ್ರಿಲ್ಲರಿನ ಕಸುಬಾದರೆ, ಬಾಗಿಲು ಹಾಕಿಸುವುದೂ ನಿರ್ದೇಶನವೇ.

ಹಾಗೆ ಹಟ ಹಿಡಿಯಲು ಅವನಿಗೆ ಹಕ್ಕೂ ಇತ್ತು. ಪ್ಯಾರಮೌಂಟ್ ಸ್ಟುಡಿಯೋ ‘ಸೈಕೋ’ ಕಥೆಗೆ ಮೂಗು ಮುರಿದಾಗ ಅವನು ಸ್ವಂತ ದುಡ್ಡು ಹಾಕಿದ. ತನ್ನ ಟಿವಿ ಸರಣಿಯ ತಂಡವನ್ನೇ ಕರೆತಂದು, ಕಪ್ಪು-ಬಿಳುಪಿನಲ್ಲಿ, ಸುಮಾರು 8 ಲಕ್ಷ ಡಾಲರಿನಲ್ಲಿ ಮುಗಿಸಿದ. ರಕ್ತಕ್ಕೆ ಚಾಕೊಲೇಟ್ ಸಿರಪ್. ಸಂಭಾವನೆ ಬಿಟ್ಟುಕೊಟ್ಟು ಚಿತ್ರದಲ್ಲಿ ಶೇ 60ರಷ್ಟು ಪಾಲು ಬರೆಸಿಕೊಂಡ. ಆ ಪಾಲು ಅವನನ್ನು ಭಾರೀ ಸಾಹುಕಾರನನ್ನಾಗಿ ಮಾಡಿತು.

ಅವನಿಗಿಲ್ಲದ ಒಂದು ತಲೆನೋವು ನಮ್ಮ ನಿರ್ದೇಶಕರಿಗಿದೆ: ಇಂಟರ್ವಲ್. ಬಿಗಿಯಾಗಿ ಕಟ್ಟಿದ ಆತಂಕವನ್ನು ನಟ್ಟನಡುವೆ ಬಿಚ್ಚಿ, ಪಾಪ್‌ಕಾರ್ನ್ ಮಾರಿ, ಮತ್ತೆ ಕಟ್ಟಬೇಕು. ಆದರೂ ಸುನೀಲ್ ಕುಮಾರ್ ದೇಸಾಯಿ 1989ರಲ್ಲೇ ಒಂದು ಹಾಡೂ ಇಲ್ಲದೆ ‘ತರ್ಕ’ ಗೆಲ್ಲಿಸಿ ತೋರಿಸಿದರು. ಪವನ್ ಕುಮಾರ್ ಬೆಂಗಳೂರಿನ ಫ್ಲೈಓವರಿನ ಮೇಲೆ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸುವವರನ್ನು ನೋಡಿ ‘ಯೂ ಟರ್ನ್’ ಮಾಡಿದರು. 2016ರ ಆ ಕನ್ನಡ ಚಿತ್ರ ಮಲಯಾಳ, ತೆಲುಗು, ತಮಿಳು, ಹಿಂದಿಗೆಲ್ಲ ಹೋಯಿತು. ಎರಡರಲ್ಲೂ ಬಂಡವಾಳ ಅಂದರೆ ಕಥೆಯೇ.

ಈಗ ನೋಡಿ, ಗುಟ್ಟು ಕಾಯಬೇಕಾದ ಚಿತ್ರದವರೇ ಟ್ರೈಲರಿನಲ್ಲಿ ಅರ್ಧ ಗುಟ್ಟು ಸುರಿಯುತ್ತಾರೆ. ಮಿಕ್ಕರ್ಧ ಮೊದಲ ದಿನದ ಮೊದಲ ಆಟದ ಇಂಟರ್ವಲ್ಲಿಗೇ ಮೊಬೈಲಿನಲ್ಲಿ ಹರಿದಾಡುತ್ತದೆ. ಸೋಮವಾರ ಥಿಯೇಟರ್ ಖಾಲಿಯಾದರೆ ಪ್ರೇಕ್ಷಕರನ್ನು ಬೈಯುವುದು ಯಾವ ನ್ಯಾಯ?

ಪ್ರೇಕ್ಷಕರಾದ ನಾವೂ ಸಾಚಾಗಳೇನಲ್ಲ ಬಿಡಿ. ಮುಂದಿನ ಶುಕ್ರವಾರ ಯಾವುದಾದರೂ ಕನ್ನಡ ಥ್ರಿಲ್ಲರಿಗೆ ಹೋದರೆ ಹತ್ತು ನಿಮಿಷ ಮೊದಲೇ ಹೋಗಿ ಕೂರಿ. ಕೊಲೆಗಾರ ಯಾರೆಂದು ನಿಮಗೆ ಮೊದಲೇ ಹೊಳೆದರೂ ದಯವಿಟ್ಟು ಪಕ್ಕದ ಸೀಟಿನವರಿಗೆ ಹೇಳಬೇಡಿ. ಆ ಸೀಟಿನಲ್ಲಿ ನಾನಿರಬಹುದು.