ಗರ್ಭಕ್ಕೆ ಲಿಂಗ ಕಟ್ಟುವವರು ವಯಸ್ಸು ಕೇಳಬಾರದೆ?



ಬಾಲ್ಯವಿವಾಹ, ಬಾಲೆಯರ ಬಸಿರು ಇವೆಲ್ಲ ಬೇರೆಯವರ ಓಣಿಯ ಮಾತು, ನಮ್ಮ ಸಮಾಜದಲ್ಲಿ ಇಲ್ಲ ಎಂದು ವೇದಿಕೆಯ ಮೇಲೆ ಹೇಳುವವರನ್ನು ಬಹಳ ಸಲ ಕೇಳಿದ್ದೇನೆ. ಬಾಗಲಕೋಟೆ ಸೀಮೆಯ ಹಳ್ಳಿಯ ಪ್ರೌಢಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು ನಾನು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಒಂಬತ್ತನೆಯ ತರಗತಿಯ ಹಾಜರಿಯಲ್ಲಿ ಎರಡು ಮೂರು ಹೆಸರು ಕೂಗಿದರೆ ಉತ್ತರ ಬರುತ್ತಿರಲಿಲ್ಲ. ಅವರಲ್ಲಿ ಹಣೆಗೆ ವಿಭೂತಿ ಧರಿಸಿ, ಕೊರಳಿಗೆ ಇಷ್ಟಲಿಂಗ ಕಟ್ಟಿಕೊಂಡು ಬರುತ್ತಿದ್ದ ಮಕ್ಕಳೂ ಇದ್ದರು. ಮುಂದಿನ ವರ್ಷ ಜಾತ್ರೆಯಲ್ಲಿ ಕಂಕುಳಲ್ಲಿ ಕೂಸು ಹೊತ್ತು ಎದುರಾಗಿ, "ಟೀಚರ್, ಆರಾಮ್ ಇದ್ದೀರ್ರಿ?" ಎನ್ನುತ್ತಿದ್ದರು.

ಕಣ್ಣಿಗೆ ಕಂಡದ್ದು ಸಾಲದೆಂದರೆ ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 21.4 ಇತ್ತು. ಕದಲಿದೆ ಎನ್ನುವ ಹಾಗೇ ಇಲ್ಲ. 15ರಿಂದ 19 ವಯಸ್ಸಿನವರಲ್ಲಿ ಶೇ. 5.4 ಮಂದಿ ಆಗಲೇ ತಾಯಂದಿರು ಅಥವಾ ಬಸುರಿಯರು. ಅದೇ ಸಮೀಕ್ಷೆಯ ಇಡೀ ದೇಶದ ಲೆಕ್ಕ ಇನ್ನೂ ಮುಖ್ಯ: ಈ ವಯಸ್ಸಿನ, ಶಾಲೆಯ ಮುಖವನ್ನೇ ನೋಡದ ಹುಡುಗಿಯರಲ್ಲಿ ಶೇ. 18 ಮಂದಿ ತಾಯ್ತನಕ್ಕೆ ಬಿದ್ದಿದ್ದರೆ, ಹನ್ನೆರಡು ವರ್ಷ ಓದಿದವರಲ್ಲಿ ಆ ಪ್ರಮಾಣ ಶೇ. 4 ಮಾತ್ರ. ಬಡತನವೂ ಇದರಲ್ಲಿ ಸೇರಿದೆ, ಒಪ್ಪುತ್ತೇನೆ. ಆದರೆ ಶಾಲೆಯಲ್ಲಿರುವ ಹುಡುಗಿಯನ್ನು ಕೇಳಿಕೊಂಡು ಬರುವ ಗಂಡಿನ ಕಡೆಯವರು ಕಡಿಮೆ, ಶಾಲೆ ಬಿಟ್ಟು ಮನೆಯಲ್ಲಿ ಕೂತವಳ ಬಾಗಿಲಿಗೆ ಬರುವವರು ಹೆಚ್ಚು. ಇದನ್ನು ತಿಳಿಯಲು ಸಮೀಕ್ಷೆ ಬೇಕಿಲ್ಲ.

ಮಗಳನ್ನು ಶಾಲೆ ಬಿಡಿಸುವ ತಂದೆ ದುಷ್ಟನೇನಲ್ಲ. ಊರಲ್ಲಿ ಎಂಟನೆಯ ತರಗತಿಯವರೆಗೆ ಶಾಲೆ, ಹತ್ತನೆಯದಕ್ಕೆ ಹೋಬಳಿ, ಪಿಯುಸಿಗೆ ತಾಲ್ಲೂಕು. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆ, ಸಂತೋಷ. ಆದರೆ ಸಂಜೆ ಐದರ ಬಸ್ಸು ಊರಿಗೆ ಬಾರದೆ ಕ್ರಾಸಿನಲ್ಲೇ ಇಳಿಸಿ ಹೋದರೆ ಆ ಉಚಿತ ಯಾವ ಕೆಲಸಕ್ಕೆ? ಕ್ರಾಸಿನಿಂದ ಮನೆಯವರೆಗಿನ ಆ ಮೂರು ಕಿಲೋಮೀಟರ್‌ನಲ್ಲಿ ತಂದೆಯ ಧೈರ್ಯ ಮುಗಿಯುತ್ತದೆ. ಆಮೇಲೆ ಸೋದರಮಾವ ನೆನಪಾಗುತ್ತಾನೆ. "ಮನ್ಯಾಗಿನ ಸಂಬಂಧ, ಹೊಲಾನೂ ಮನ್ಯಾಗ ಉಳೀತದ."

ಇನ್ನೊಂದು ಭಯವಿದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮಗಳು ಯಾರನ್ನಾದರೂ ಮೆಚ್ಚಿಬಿಟ್ಟರೆ? ಅವನು ಬೇರೆ ಜಾತಿಯವನಾದರೆ? ಜಾತಿ ಹಾಗಿರಲಿ, ಬೇರೆ ಒಳಪಂಗಡದವನಾದರೂ ಸಾಕು, ನಮ್ಮ ಹಿರಿಯರಿಗೆ ನಿದ್ದೆ ಬರುವುದಿಲ್ಲ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯನ್ನು ನೆನೆದು ಬಸವ ಜಯಂತಿಯಂದು ಕಣ್ಣೀರು ಹಾಕುವ ನಾವೇ ಆ ಭಯಕ್ಕಾಗಿ ಹದಿನೈದರ ಹುಡುಗಿಗೆ ತಾಳಿ ಕಟ್ಟಿಸುತ್ತೇವೆ!

ದೇಹದ ಬಗ್ಗೆ ಶಾಲೆಯಲ್ಲಿ ತಿಳಿಹೇಳಬೇಕು ಎಂದರೆ ಸಂಸ್ಕೃತಿ ಕೆಡುತ್ತದೆ ಎನ್ನುವವರಿದ್ದಾರೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ತಡೆದವು, ಅವುಗಳಲ್ಲಿ ನಮ್ಮದೂ ಒಂದು. ಬೇರೆಯವರು ಏನಾದರೂ ಹೇಳಲಿ, ಲಿಂಗಾಯತರಿಗೆ ಈ ಮಾತು ಒಪ್ಪುವುದಿಲ್ಲ. ಪಂಚಸೂತಕಗಳನ್ನು ತಳ್ಳಿಹಾಕಿದ ಧರ್ಮ ನಮ್ಮದು. ಹನ್ನೆರಡನೆಯ ಶತಮಾನದಲ್ಲೇ ಮುಟ್ಟು ಮೈಲಿಗೆಯಲ್ಲ ಎಂದವರು ಶರಣರು. ಮುಟ್ಟಿಗೆ ಸೂತಕವಿಲ್ಲ ಎಂದ ಮೇಲೆ ಮುಟ್ಟು ಯಾಕೆ ಆಗುತ್ತದೆ, ಗರ್ಭ ಹೇಗೆ ನಿಲ್ಲುತ್ತದೆ, ಮೈ ಮುಟ್ಟಲು ಬಂದವನಿಗೆ ಬೇಡವೆನ್ನುವ ಹಕ್ಕು ತನಗಿದೆ ಎಂದು ಹುಡುಗಿಗೆ ಹೇಳುವುದಕ್ಕೆ ಯಾವ ಮೈಲಿಗೆ ಅಡ್ಡ ಬಂತು? ನಮ್ಮ ಜೀವಶಾಸ್ತ್ರದ ಮೇಷ್ಟ್ರು ಸಂತಾನೋತ್ಪತ್ತಿಯ ಪಾಠ ಬಂದಾಗ "ಮನ್ಯಾಗ ಓದ್ಕೊಳ್ರಿ" ಎಂದು ಹಾಳೆ ತಿರುವುತ್ತಿದ್ದರು. ಮನೆಯಲ್ಲಿ ಹೇಳುವವರು ಯಾರು? ಮೊಬೈಲು ಹೇಳುತ್ತದೆ. ಅದು ಏನು ಹೇಳುತ್ತದೆಂದು ನಿಮಗೂ ಗೊತ್ತು. ಈ ಪಾಠ ಗಂಡುಹುಡುಗರಿಗೂ ಬೇಕು. ಅವರನ್ನು ಹೊರಗೆ ಆಡಲು ಕಳಿಸಿ ಹುಡುಗಿಯರಿಗಷ್ಟೇ ಹೇಳುವ ಪದ್ಧತಿ ಅರ್ಧ ಕೆಲಸ.

ಕಾನೂನಿದೆಯಲ್ಲ ಎನ್ನಬಹುದು. ಇದೆ, ಗಟ್ಟಿಯಾಗಿಯೇ ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಮದುವೆ ಮಾಡಿಸಿದ ಅಯ್ಯನವರಿಗೂ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ನಮ್ಮ ರಾಜ್ಯದ ತಿದ್ದುಪಡಿಯ ನಂತರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಹದಿನೆಂಟರೊಳಗಿನ ಬಸುರಿ ಆಸ್ಪತ್ರೆಗೆ ಬಂದರೆ ವೈದ್ಯರು ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಇದರ ಫಲ ಹಳ್ಳಿಯಲ್ಲಿ ಏನಾಗಿದೆ? ಅಳಿಯ ಜೈಲಿಗೆ ಹೋದಾನೆಂದು ಹುಡುಗಿಯನ್ನು ತಾಯಿ ಕಾರ್ಡು ಮಾಡಿಸಲು ಕರೆದೊಯ್ಯುವುದೇ ಇಲ್ಲ, ಇಲ್ಲವೇ ವಯಸ್ಸು ಹತ್ತೊಂಬತ್ತು ಎಂದು ಬರೆಸುತ್ತಾರೆ. ರಕ್ತಹೀನತೆ, ಏರಿದ ರಕ್ತದೊತ್ತಡ, ಇನ್ನೂ ಬೆಳೆಯದ ಸೊಂಟ, ಇವು ಕಾಗದದ ಮೇಲಿನ ವಯಸ್ಸನ್ನು ನಂಬುವುದಿಲ್ಲ. ಬಸಿರಾದ ಮೇಲೆ ಬರುವ ಕಾನೂನು ತಡವಾಗಿ ಬಂದ ಕಾನೂನು. ಅದಕ್ಕೂ ಮೊದಲೇ ತಲುಪಬಲ್ಲದ್ದು ಶಾಲೆ ಒಂದೇ.

ಈಗ ಮಠಗಳ ಮಾತು. ಅನ್ನ, ಅಕ್ಷರ, ಆಶ್ರಯವೆಂದು ದಾಸೋಹ ನಡೆಸಿ ನಮ್ಮ ನಾಡಿನ ಲಕ್ಷಾಂತರ ಬಡಮಕ್ಕಳನ್ನು ಓದಿಸಿದ ಪೂಜ್ಯರ ಋಣ ದೊಡ್ಡದು. ಆದರೆ ಎಣಿಸಿ ನೋಡಿ, ನಿಮ್ಮ ತಾಲ್ಲೂಕಿನಲ್ಲಿ ಮಠದ ಗಂಡುಮಕ್ಕಳ ಪ್ರಸಾದನಿಲಯ ಎಷ್ಟು, ಹೆಣ್ಣುಮಕ್ಕಳದ್ದು ಎಷ್ಟು? ತೇರಿಗೆ ಬೆಳ್ಳಿ ಹೊದಿಸಲು ಪಟ್ಟಿ ಎತ್ತುವ ನಮಗೆ ಹುಡುಗಿಯರ ವಸತಿನಿಲಯಕ್ಕೆ ಮಾತ್ರ ಹಣ ಸಾಲುವುದಿಲ್ಲ. ಕಟ್ಟಿದರೂ ಅದನ್ನು ಮಹಿಳೆಯರೇ ನಡೆಸಬೇಕು. ದೂರು ಹೇಳಲು ಮಠಕ್ಕೆ ಸಂಬಂಧವಿಲ್ಲದ ಸಮಿತಿ ಇರಬೇಕು, ಗೋಡೆಯ ಮೇಲೆ 1098 ಸಂಖ್ಯೆ ದಪ್ಪಗೆ ಬರೆದಿರಬೇಕು. ಕಾವಿಯ ಮೇಲಿನ ಭಕ್ತಿಯಿಂದ ಈ ಮಾತು ನುಂಗಿಕೊಳ್ಳುವ ಕಾಲ ಹೋಯಿತು.

ಎಂಟನೆಯ ತಿಂಗಳಲ್ಲಿ ಗರ್ಭದ ಶಿಶುವಿಗೂ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಆ ಲಿಂಗ ಕಟ್ಟುವವರು ಬಸುರಿಯ ವಯಸ್ಸನ್ನು ಒಮ್ಮೆಯಾದರೂ ಕೇಳಿದ್ದಾರೆಯೆ?

ನಮ್ಮೂರ ಮಠದ ಸಾಮೂಹಿಕ ವಿವಾಹ ಸಮಿತಿಗೆ ಮಾಘದಲ್ಲಿ ಒಂದು ಅರ್ಜಿ ಕೊಟ್ಟಿದ್ದೇನೆ. ವಧುವಿನ ವಯಸ್ಸಿಗೆ ಆಧಾರ್ ಸಾಲದು, ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ ಬೇಕು ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿ; ಶ್ರಾವಣದ ಪ್ರವಚನದಲ್ಲಿ ಒಂದು ಸಂಜೆಯನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯೆಗೆ ಬಿಟ್ಟುಕೊಡಿ ಎಂದು. ಮೊದಲನೆಯದನ್ನು ನೋಡೋಣ ಎಂದಿದ್ದಾರೆ. ಎರಡನೆಯದಕ್ಕೆ ಇನ್ನೂ ಉತ್ತರವಿಲ್ಲ. ನಿಮ್ಮ ಊರಿನ ಮಠಕ್ಕೂ ಇದೇ ಅರ್ಜಿ ಕೊಡಿ. ಶ್ರಾವಣಕ್ಕೆ ಇನ್ನೂ ಎರಡು ತಿಂಗಳಿದೆ.