ಸಿಲ್ವರ್ ನೈಟ್ರೇಟ್ ನಮ್ಮ ಓಣಿಯ ನೀರನ್ನೂ ಅಳೆಯಲಿ

ಹುಬ್ಬಳ್ಳಿ-ಧಾರವಾಡದ ಪಿಯು ಕಾಲೇಜುಗಳಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಲವಣ ವಿಶ್ಲೇಷಣೆಯ ಈ ಹಂತ ಬಾಯಿಪಾಠ: ದ್ರಾವಣಕ್ಕೆ ಸ್ವಲ್ಪ ನೈಟ್ರಿಕ್ ಆಮ್ಲ, ಆಮೇಲೆ ಕೆಲವು ಹನಿ ಸಿಲ್ವರ್ ನೈಟ್ರೇಟ್. ಮೊಸರಿನಂಥ ಬಿಳಿ ಪ್ರಕ್ಷೇಪ ಕಂಡು, ಅದು ಅಮೋನಿಯಾದಲ್ಲಿ ಕರಗಿದರೆ ಕ್ಲೋರೈಡ್; ತಿಳಿ ಹಳದಿಯಾಗಿ ಅರೆಬರೆ ಕರಗಿದರೆ ಬ್ರೋಮೈಡ್; ಹಳದಿಯಾಗಿ ಕರಗದೇ ಉಳಿದರೆ ಅಯೊಡೈಡ್. ಪುಡಿ ಬಾಟಲಿಯಿಂದ ಬಂದದ್ದು, ಅದರಲ್ಲಿ ಏನಿದೆ ಎಂಬುದು ಮೇಷ್ಟ್ರಿಗೆ ಮೊದಲೇ ಗೊತ್ತು. ಇದೇ ಕ್ರಿಯೆಯಿಂದ ವಿದ್ಯಾರ್ಥಿಗಳು ತಮ್ಮ ಓಣಿಯ ಬೋರ್ ನೀರಿನಲ್ಲಿ ಎಷ್ಟು ಕ್ಲೋರೈಡ್ ಇದೆಯೆಂದು ಅಳೆಯಬಹುದು. ಅವಳಿ ನಗರದ ಪ್ರತಿ ಕಾಲೇಜೂ ವರ್ಷಕ್ಕೆ ಎರಡು ಸಲ ಅದನ್ನು ಮಾಡಿಸಬೇಕು ಎಂಬುದು ನನ್ನ ವಾದ.

ಈ ಊರಿಗೆ ಅದು ಮುಖ್ಯವಾಗಲು ಕಾರಣವಿದೆ. ನಮಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯ ಮತ್ತು ನೀರಸಾಗರವನ್ನು ನೆಚ್ಚಿಕೊಂಡ ಊರಿದು. ನಳದ ನೀರು ಸಾಲದಿದ್ದಾಗ ಬೋರೇ ಗತಿ. ಇತ್ತ ಉಣಕಲ್ ನಾಲೆಯಂಥ ಕಾಲುವೆಗಳಲ್ಲಿ ಕೊಳಚೆ ಹರಿಯುತ್ತದೆ. ನಾವು ತಿಂದ ಉಪ್ಪಿನ ಕ್ಲೋರೈಡ್ ಮೂತ್ರದೊಡನೆ ಕೊಳಚೆ ಸೇರುತ್ತದೆ. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ನೀರು ಇಳಿದಲ್ಲಿಗೆ ಅದೂ ಇಳಿಯುತ್ತದೆ. ಹಾಗಾಗಿ ಅದು ಕೊಳಚೆಯ ಒಳ್ಳೆಯ ಸುಳಿವು. ಬಂಡೆಯ ಗುಣದಿಂದಲೂ ನೀರು ಸವಳಾಗಬಹುದು, ನಿಜ. ಆದ್ದರಿಂದಲೇ ಒಂದು ಅಳತೆಯಿಂದ ಏನನ್ನೂ ಹೇಳಲಾಗದು. ನಾಲೆಯ ಪಕ್ಕದ ಬೋರನ್ನು ದೂರದ ಬೋರಿನೊಡನೆ, ಈ ವರ್ಷವನ್ನು ಹೋದ ವರ್ಷದೊಡನೆ ಹೋಲಿಸಬೇಕು.

ವಿಧಾನ ಹೊಸದೇನಲ್ಲ, ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಮೋರ್ 1850ರ ದಶಕದಲ್ಲೇ ರೂಪಿಸಿದ್ದು. ನೀರಿಗೆ ಪೊಟ್ಯಾಸಿಯಂ ಕ್ರೋಮೇಟ್ ಬೆರೆಸಿ ಬ್ಯುರೆಟ್‌ನಿಂದ ಸಿಲ್ವರ್ ನೈಟ್ರೇಟ್ ಬಿಡುತ್ತಾ ಹೋದರೆ ಮೊದಲು ಬಿಳಿ ಸಿಲ್ವರ್ ಕ್ಲೋರೈಡ್ ಕೂರುತ್ತದೆ. ಕ್ಲೋರೈಡ್ ಬಹುತೇಕ ತೀರಿದ ಮೇಲಷ್ಟೇ ಕೆಂಪು ಸಿಲ್ವರ್ ಕ್ರೋಮೇಟ್ ಕಾಣಿಸುತ್ತದೆ. ಇಲ್ಲೊಂದು ಸೊಗಸಾದ ತಿರುವಿದೆ. ಕರಗುವಿಕೆಯ ಗುಣಲಬ್ಧ ಕ್ಲೋರೈಡಿಗೆ ಸುಮಾರು 1.8×10⁻¹⁰, ಕ್ರೋಮೇಟಿಗೆ 1.1×10⁻¹². ಅಂಕಿ ನೋಡಿದವರು ಕ್ರೋಮೇಟೇ ಮೊದಲು ಕೂರಬೇಕೆನ್ನುತ್ತಾರೆ. ಆದರೆ ಸಿಲ್ವರ್ ಕ್ರೋಮೇಟ್ ಕರಗಿದಾಗ ಮೂರು ಅಯಾನು, ಸಿಲ್ವರ್ ಕ್ಲೋರೈಡ್ ಕರಗಿದಾಗ ಎರಡೇ. ಲೆಕ್ಕ ಮಾಡಿದರೆ ಶುದ್ಧ ನೀರಿನಲ್ಲಿ ಕ್ರೋಮೇಟೇ ಮೋಲ್ ಲೆಕ್ಕದಲ್ಲಿ ಸುಮಾರು ಐದು ಪಟ್ಟು ಹೆಚ್ಚು ಕರಗುತ್ತದೆ. ಗುಣಲಬ್ಧಗಳನ್ನು ನೇರವಾಗಿ ಹೋಲಿಸಬಾರದೆಂಬ ಪಾಠ ಬ್ಯುರೆಟ್ ಹಿಡಿದವರ ಮನಸ್ಸಿನಲ್ಲಿ ನಿಲ್ಲುವಷ್ಟು ಗೈಡು ಓದಿದವರಲ್ಲಿ ನಿಲ್ಲದು.

ಸಿಲ್ವರ್ ನೈಟ್ರೇಟ್ ದುಬಾರಿ ಎಂಬುದು ಮೊದಲ ಆಕ್ಷೇಪ. ಆದರೆ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ಇರುವ ನೀರನ್ನು 10 ಮಿಲಿಲೀಟರ್ ಪರೀಕ್ಷಿಸಲು ಬೇಕಾದದ್ದು ಸುಮಾರು 12 ಮಿಲಿಗ್ರಾಂ ಮಾತ್ರ. ಉಳಿದ ಪ್ರಕ್ಷೇಪವನ್ನು ಸಿಂಕಿಗೆ ಸುರಿಯದೆ ಕೂಡಿಟ್ಟರೆ, ಸಿಲ್ವರ್ ಕ್ಲೋರೈಡಿನ ತೂಕದಲ್ಲಿ ಮುಕ್ಕಾಲು ಪಾಲು ಬೆಳ್ಳಿಯೇ. ಸತುವಿನಿಂದ ಅದನ್ನು ಮರಳಿ ಪಡೆಯಬಹುದು. ಮಕ್ಕಳ ಅಂಕಿಯಿಂದ ಜನ ಗಾಬರಿಯಾಗುತ್ತಾರೆ ಎಂಬುದು ಎರಡನೆಯದು. ಭಾರತೀಯ ಮಾನಕ ಐಎಸ್ 10500ರಲ್ಲಿ ಒಪ್ಪಬಹುದಾದ ಮಿತಿ 250 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1000. ಇದು ಮುಖ್ಯವಾಗಿ ರುಚಿಯ ಮಿತಿ, ವಿಷದ ಮಿತಿಯಲ್ಲ. ಅಂಕಿ ಏರುತ್ತಿರುವ ಬೋರಿನ ನೀರನ್ನು ಇ-ಕೋಲಿ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಳಿಸಬೇಕು. ಬ್ಯಾಕ್ಟೀರಿಯಾವನ್ನು ಸಿಲ್ವರ್ ನೈಟ್ರೇಟ್ ತೋರಿಸದು. ಮೂರನೆಯ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ: ಕ್ರೋಮೇಟ್ ಕ್ಯಾನ್ಸರ್‌ಕಾರಕ, ಅದು ಚರಂಡಿ ಸೇರಬಾರದು. ಅದಕ್ಕೆ ಬದಲಾಗಿ ಡೈಕ್ಲೋರೋಫ್ಲೋರೆಸೀನ್ ಸೂಚಕ ಬಳಸಬಹುದು. ಕೊನೆಯ ಹಂತದಲ್ಲಿ ಪ್ರಕ್ಷೇಪ ಗುಲಾಬಿಯಾಗುತ್ತದೆ, ಕ್ರೋಮಿಯಂ ಬೇಕಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಕಾಲೇಜುಗಳಿಗೆ ಸರಿಯಾದ ಸಾಂದ್ರತೆಯ ದ್ರಾವಣ ಮಾಡಿಕೊಟ್ಟು, ಆಯ್ದ ಕೆಲವು ಮಾದರಿಗಳನ್ನು ತಾನೂ ಅಳೆದು ತಾಳೆ ನೋಡಲಿ. ಮೊದಲ ಸುತ್ತು ಮಳೆ ಮುಗಿದ ನವೆಂಬರಿನಲ್ಲಿ, ಎರಡನೆಯದು ಅಂತರ್ಜಲ ಇಳಿಯತೊಡಗಿದ ಫೆಬ್ರುವರಿಯಲ್ಲಿ ನಡೆಯಬಹುದು.