ಗುರುಗಳು ಬದಲಾದರೂ ಹಬ್ಬ ಉಳಿಯಲಿ

ಗುರುಗಳ ವರ್ಗಾವಣೆಯ ಸುದ್ದಿ ಬಂದಾಗಲೆಲ್ಲ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಬಗೆಯ ತಳಮಳ ಕಾಣಿಸಿಕೊಳ್ಳುತ್ತದೆ. ಕೆಲವು ವರ್ಷ ಜೊತೆಗಿದ್ದು, ಮಕ್ಕಳಿಗೆ ಜ್ಞಾನಸ್ನಾನ ನೀಡಿ, ಹಿರಿಯರನ್ನು ಮಣ್ಣಿಗೊಪ್ಪಿಸಿ, ಮನೆಮನೆಯ ಕಷ್ಟಸುಖ ಬಲ್ಲವರಾದ ಸ್ವಾಮಿಗಳು ಹೊರಟು ನಿಂತರೆ ಮನಸ್ಸು ಭಾರವಾಗುವುದು ಸಹಜ. ಹೊಸಬರು ಬರುತ್ತಾರೆ, ಪೂಜೆಯ ವೇಳೆ ಬದಲಾಗುತ್ತದೆ, ಹಾಡುಗಳು ಬದಲಾಗುತ್ತವೆ, ಹಬ್ಬದ ತೇರು ಸಾಗುವ ಬೀದಿಯೂ ಬದಲಾಗುತ್ತದೆ. “ಹಿಂದಿನ ಸ್ವಾಮಿಗಳ ಕಾಲದಲ್ಲಿ ಹೀಗಿರಲಿಲ್ಲ” ಎಂಬ ಮಾತು ಆಗ ದೇವಾಲಯದ ಅಂಗಳದಲ್ಲಿ ಕೇಳಿಬರುತ್ತದೆ.

ಈ ಮಾತಿನಲ್ಲಿ ಪ್ರೀತಿಯಿದೆ, ನಿಜ. ಆದರೆ ಹಬ್ಬ ಮಾಡುವವರು ಗುರುಗಳು, ನಾವು ಬಂದು ಹೋಗುವವರು ಎಂಬ ಭಾವನೆಯೂ ಅದರಡಿಯಲ್ಲಿ ಅಡಗಿದೆ. ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದಂತಹ ತಾಲೂಕುಗಳಲ್ಲಿ ಕ್ರೈಸ್ತ ಮನೆಗಳು ಕೆಲವೇ. ಅವೂ ದೂರ ದೂರ ಚದುರಿವೆ. ಓದು ಮುಗಿಸಿದ ಮಕ್ಕಳು ಮೈಸೂರು, ಬೆಂಗಳೂರುಗಳ ದಾರಿ ಹಿಡಿಯುತ್ತಿದ್ದಾರೆ. ಇಂತಹ ಕಡೆ ಹಬ್ಬದ ಹೊಣೆ ಸಂಪೂರ್ಣವಾಗಿ ಗುರುಗಳ ಮೇಲೆಯೇ ನಿಂತರೆ, ಒಂದೇ ತಲೆಮಾರಿನಲ್ಲಿ ಅದು ಧ್ವನಿವರ್ಧಕ ಮತ್ತು ಮಧ್ಯಾಹ್ನದ ಊಟಕ್ಕೆ ಇಳಿದುಬಿಡುವ ಭಯವಿದೆ.

ಈ ನೆಲದ ಚರಿತ್ರೆ ನಮಗೆ ಬೇರೆಯೇ ಪಾಠ ಹೇಳುತ್ತದೆ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಕನ್ನಡ ಕಲಿತು ಕನ್ನಡದಲ್ಲಿ ಧರ್ಮೋಪದೇಶ ಬರೆದರು. 1773ರಲ್ಲಿ ಯೇಸುಸಭೆಯೇ ವಿಸರ್ಜನೆಗೊಂಡಿತು. 1784ರಲ್ಲಿ ಕರಾವಳಿಯ ಕ್ರೈಸ್ತ ಕುಟುಂಬಗಳು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದವು. ಹದಿನೈದು ವರ್ಷಗಳ ಆ ಕಷ್ಟಕಾಲ ಮುಗಿದದ್ದು 1799ರಲ್ಲಿ.

ಆ ಬಳಿಕ, ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಗ್ಗೂಡಿಸಲು ಬಂದವರು ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ. ಜನರ ಬಾಯಲ್ಲಿ ಅವರು ‘ದೊಡ್ಡ ಸ್ವಾಮಿಯೋರು’. ಗಂಜಾಂನ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ. ನಮ್ಮವರ ಉಡುಗೆ ತೊಟ್ಟು, ನಮ್ಮವರ ಆಹಾರ ಉಂಡು, 1803-04ರಲ್ಲಿ ಸಿಡುಬಿನ ವಿರುದ್ಧ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಲು ದುಡಿದ ಆ ಮಹನೀಯರು 1823ರಲ್ಲಿ ತಾಯ್ನಾಡಿಗೆ ಮರಳಿದರು, ಮತ್ತೆ ಬರಲಿಲ್ಲ. ಹೊರಡುವ ವೇಳೆಗೆ, ಈ ದೇಶದಲ್ಲಿ ಧರ್ಮಪ್ರಸಾರದ ಭವಿಷ್ಯದ ಬಗ್ಗೆ ಅವರು ನಿರಾಶೆಯ ಮಾತುಗಳನ್ನೇ ಬರೆದಿದ್ದರು. ಗುರುಗಳು ನಿರಾಶರಾಗಿ ಹೊರಟರು, ಜನ ಉಳಿದರು. ದೇವಾಲಯದ ಗಂಟೆಯೂ ಉಳಿಯಿತು. ವರ್ಗಾವಣೆಗೆ ಕಳವಳಪಡುವ ನಾವು ಇದನ್ನು ನೆನಪಿನಲ್ಲಿಡಬೇಕು.

ಗುರುಗಳಂತೆ ಗಡಿಗಳೂ ಬದಲಾಗಿವೆ. 1886ರಲ್ಲಿ ಸ್ಥಾಪನೆಯಾದ ಮೈಸೂರು ಧರ್ಮಪ್ರಾಂತ್ಯದ ಪೀಠ ಆಗ ಇದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು; ನಮ್ಮ ತಾಲೂಕುಗಳು ಮೈಸೂರಿನೊಂದಿಗೆ ಉಳಿದವು. 2010ರಲ್ಲಿ ಸಿರೋ-ಮಲಬಾರ್ ವಿಧಿಯ ವಿಶ್ವಾಸಿಗಳಿಗಾಗಿ ಮಂಡ್ಯ ಧರ್ಮಪ್ರಾಂತ್ಯ ರಚನೆಗೊಂಡು, ಒಂದೇ ನೆಲದ ಮೇಲೆ ಎರಡು ಪೂಜಾವಿಧಿಗಳ ಇಬ್ಬರು ಧರ್ಮಾಧ್ಯಕ್ಷರು ಸೇವೆ ಸಲ್ಲಿಸುವಂತಾಯಿತು. ಊರಿನ ಹೆಸರೂ ಶಾಶ್ವತವಲ್ಲ. ಇಂದಿನ ಪಾಂಡವಪುರ ಒಂದು ಕಾಲದ ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟ ಕಾರಣ ಬಹುಕಾಲ ಅದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆಯಲಾಗುತ್ತಿತ್ತು.

ಪಂಚಾಂಗವೂ ಬದಲಾಗದೆ ಉಳಿದಿಲ್ಲ. ಡಿಸೆಂಬರ್ 21ರಂದು ಬರುತ್ತಿದ್ದ ಸಂತ ತೋಮಸರ ಹಬ್ಬ 1969ರ ಪರಿಷ್ಕರಣೆಯಲ್ಲಿ ಜುಲೈ 3ಕ್ಕೆ ಬಂತು. ಸಂತ ಫಿಲೋಮಿನಾ ಅವರ ಹೆಸರನ್ನು 1961ರಲ್ಲಿ ಪೂಜಾ ಪಂಚಾಂಗಗಳಿಂದ ತೆಗೆಯಲಾಯಿತು. ಆದರೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮೈಸೂರಿನ ಪ್ರಧಾನಾಲಯವನ್ನು ಜನ ಇಂದಿಗೂ ಆಕೆಯ ಹೆಸರಿನಿಂದಲೇ ಕರೆಯುತ್ತಾರೆ. ಆಗಸ್ಟ್ ತಿಂಗಳು ಬಂದರೆ ಅಲ್ಲಿ ಹಬ್ಬದ ಸಡಗರ ತಪ್ಪುವುದಿಲ್ಲ. ಪಂಚಾಂಗದ ಹಾಳೆಯಿಂದ ಮರೆಯಾದ ಹೆಸರನ್ನು ಭಕ್ತರ ಮನಸ್ಸು ಕಾಯ್ದುಕೊಂಡಿದೆ.

ಹಾಗೆಂದು ಬದಲಾವಣೆಯೆಲ್ಲ ನಷ್ಟವೆಂದು ಯಾರೂ ತಿಳಿಯಬಾರದು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಯ ಪೂಜೆಗೆ ದಾರಿ ತೆರೆಯದಿದ್ದರೆ, ಬಲಿಪೂಜೆಯ ಪ್ರಾರ್ಥನೆಗಳನ್ನು ಕನ್ನಡದಲ್ಲಿ ಕೇಳುವ ಭಾಗ್ಯ ನಮಗೆ ಎಲ್ಲಿಂದ ಬರುತ್ತಿತ್ತು? ದುಡಿಯುವ ಕೈಗಳಿಗೆ ಗೌರವವೆಂದು 1955ರಲ್ಲಿ ಹನ್ನೆರಡನೇ ಪಯಸ್ ಜಗದ್ಗುರುಗಳು ಮೇ 1ರಂದು ಸ್ಥಾಪಿಸಿದ ಶ್ರಮಿಕ ಸಂತ ಜೋಸೆಫರ ಸ್ಮರಣೆ ಕಬ್ಬಿನ ಗದ್ದೆಗಳ ಈ ನಾಡಿಗೆ ಹೇಳಿ ಮಾಡಿಸಿದಂತಿದೆ. ಹೊಸ ಗುರುಗಳು ತರುವ ಹೊಸತನವನ್ನು ತೆರೆದ ಮನಸ್ಸಿನಿಂದ ಸ್ವೀಕರಿಸೋಣ. ತೇರನ್ನು ಯಾರು ಎಳೆಯಬೇಕು, ಸ್ವರೂಪವನ್ನು ಯಾರು ಹೊರಬೇಕು ಎಂಬ ಜಗಳಗಳನ್ನು ಸಂಪ್ರದಾಯವೆಂದು ಕಾಪಾಡಬೇಕಾಗಿಲ್ಲ.

ಕಾಪಾಡಬೇಕಾದದ್ದು ಮನೆಯೊಳಗಿನ ಹಬ್ಬ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವವನ್ನೇ ನೋಡಿ. ಕೊಂಕಣಿ ಮಾತನಾಡುವ ಮನೆಗಳಲ್ಲಿ ಅಂದು ಹೊಸ ತೆನೆಯ ಊಟ. ತಮಿಳು ಮೂಲದ ಮನೆಗಳಲ್ಲಿ ವೇಲಾಂಕಣಿ ಮಾತೆಯ ಹಬ್ಬ. ಕೇರಳದಿಂದ ಬಂದವರಲ್ಲಿ ಎಂಟು ದಿನಗಳ ಉಪವಾಸದ ಸಮಾಪ್ತಿ. ಒಂದೇ ತಾಯಿಗೆ ಮೂರು ಬಗೆಯ ವಂದನೆ! ಇವು ಬರೆದಿಟ್ಟ ಆದೇಶದಿಂದ ಬಂದವಲ್ಲ. ಅಜ್ಜಿಯರು ಮೊಮ್ಮಕ್ಕಳಿಗೆ ದಾಟಿಸಿದ್ದು. ಹತ್ತಿರದ ದೋರನಹಳ್ಳಿಯಲ್ಲಿ ಜೂನ್ 13ರಂದು ಸಂತ ಅಂತೋಣಿಯವರ ಹಬ್ಬಕ್ಕೆ ಕ್ರೈಸ್ತರೊಂದಿಗೆ ಇತರ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. 2019ರಲ್ಲಿ ಆ ದೇವಾಲಯ ಬಸಿಲಿಕಾ ಎನಿಸಿಕೊಂಡಿತು. ಅದಕ್ಕೂ ಬಹುಕಾಲ ಮೊದಲೇ ಆ ಭಕ್ತಿಯನ್ನು ನಡೆಸಿಕೊಂಡು ಬಂದವರು ಹಳ್ಳಿಯ ಜನ.

ಧರ್ಮಸಭೆಯ ಕಾನೂನೂ ಇದನ್ನೇ ಹೇಳುತ್ತದೆ. 1983ರ ಧರ್ಮಸಂಹಿತೆಯ ಪ್ರಕಾರ ಧರ್ಮಕೇಂದ್ರವೆಂದರೆ ಗುರುವೊಬ್ಬರ ಪಾಲನೆಗೆ ಒಪ್ಪಿಸಲಾದ ವಿಶ್ವಾಸಿಗಳ ಸ್ಥಿರ ಸಮುದಾಯ. ಗುರುಗಳಿಗೆ ವರ್ಗಾವಣೆಯುಂಟು, ಸಮುದಾಯಕ್ಕೆ ಇಲ್ಲ. ಆದ್ದರಿಂದ ಸ್ಥಿರವಾಗಿರಬೇಕಾದವರು ನಾವೇ.

ಇದಕ್ಕಾಗಿ ದೊಡ್ಡ ಖರ್ಚಿನ ಯೋಜನೆಗಳೇನೂ ಬೇಡ. ಅನುಕೂಲಕ್ಕಾಗಿ ಧರ್ಮಕೇಂದ್ರದ ಹಬ್ಬವನ್ನು ಭಾನುವಾರಕ್ಕೆ ಸರಿಸಿದರೆ ತಪ್ಪಿಲ್ಲ. ಆದರೆ ಸಂತರ ನಿಜವಾದ ದಿನದಂದು ಮನೆಯಲ್ಲೊಂದು ಮೊಂಬತ್ತಿ ಹಚ್ಚಿ, ಜಪಸರ ಹೇಳಿ, ಆ ಸಂತರ ಕಥೆಯನ್ನು ಮಕ್ಕಳಿಗೆ ತಿಳಿಸಬಾರದೇ? ಪಕ್ಕದ ಮನೆಯವರಿಗೆ ಒಂದು ತಟ್ಟೆ ಸಿಹಿ ಕಳುಹಿಸಬಾರದೇ? ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳು ಪ್ರತಿ ಧರ್ಮಕೇಂದ್ರದಲ್ಲಿರಬೇಕೆಂಬುದು ನಿಯಮ. ಅವುಗಳ ಜೊತೆಗೆ, ಊರಿಗೆ ಮೊದಲು ಬಂದ ಕುಟುಂಬಗಳಾವುವು, ಮೊದಲ ಪೂಜೆ ಎಲ್ಲಿ ನಡೆಯಿತು, ತೇರು ಯಾವಾಗ ಬಂತು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡುವ ಕೆಲಸವನ್ನು ಯುವಕ ಯುವತಿಯರು ಕೈಗೆತ್ತಿಕೊಳ್ಳಲಿ. ಹಿರಿಯರೊಬ್ಬರು ಕಣ್ಮುಚ್ಚಿದರೆ ಅವರೊಂದಿಗೆ ಊರಿನ ಅರ್ಧ ಚರಿತ್ರೆ ಮಣ್ಣು ಸೇರುತ್ತದೆ. ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಡುವಾಗ ಕಲ್ಲಿನ ಮೇಲೆ ಅಳಿಸಿಹೋಗುತ್ತಿರುವ ಹೆಸರುಗಳನ್ನೂ ಒಂದು ನೋಟುಬುಕ್ಕಿಗೆ ಇಳಿಸಿಕೊಳ್ಳಲಿ.

ಹೊಸ ಗುರುಗಳು ಬಂದ ದಿನ ಹಾರ ಹಾಕಿ, ಶಾಲು ಹೊದಿಸಿ ಸ್ವಾಗತಿಸುತ್ತೇವೆ. ಈ ಬಾರಿ ಅದರೊಂದಿಗೆ ಆ ನೋಟುಬುಕ್ಕನ್ನೂ ಅವರ ಕೈಗಿಡೋಣ. “ಸ್ವಾಮಿ, ಇದು ನಮ್ಮ ಧರ್ಮಕೇಂದ್ರ. ಇವು ನಮ್ಮ ಹಬ್ಬಗಳು. ಇನ್ನು ಮುಂದೆ ತಾವೂ ನಮ್ಮವರು” ಎಂದು ಹೇಳಬಲ್ಲ ಸಮುದಾಯ, ಎಷ್ಟೇ ಚಿಕ್ಕದಾಗಿರಲಿ, ಅನಾಥವಾಗುವುದಿಲ್ಲ.